ಹ್ಯಾಟು ಹೊಲಿಯುವವಳ ತಲೆಯ ಮೇಲೆ ಹ್ಯಾಟಿಲ್ಲ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿ 'ಛತ್ರಿಗಳು' ಅನ್ನೋ ಒಂದು ದೊಡ್ಡ ಚಿತ್ರವಿದೆ. ಆಳೆತ್ತರದ್ದು. ಬರೆದವನು ಫ್ರೆಂಚ್ ಚಿತ್ರಕಾರ ರೆನ್ವಾರ್. ಪ್ಯಾರಿಸ್ಸಿನ ಬೀದಿ, ತುಂತುರು ಮಳೆ, ಮೇಲೆಲ್ಲ ನೀಲಿ-ಬೂದು ಛತ್ರಿಗಳ ನೂಕುನುಗ್ಗಲು. ಬಲಗಡೆ ಒಬ್ಬ ಅಮ್ಮ, ಜೊತೆಗೆ ಇಬ್ಬರು ಪುಟ್ಟ ಹುಡುಗಿಯರು. ಮಕ್ಕಳಿಗೆ ಗರಿಯ ಹ್ಯಾಟು, ಲೇಸಿನ ಕಾಲರು. ಉಳ್ಳವರ ಮನೆ ಅಂತ ನೋಡಿದರೇ ಗೊತ್ತಾಗುತ್ತದೆ.

ಎಡಗಡೆ ಒಬ್ಬ ಯುವತಿ ನಿಂತಿದ್ದಾಳೆ. ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾಳೆ. ಬೂದು-ನೀಲಿ ಬಣ್ಣದ ಸಾದಾ ಉಡುಪು, ಆದರೆ ಮೈಗೆ ಅಚ್ಚುಕಟ್ಟಾಗಿ ಕೂತಿದೆ. ಒಂದು ಕೈಯಲ್ಲಿ ಕೆಸರು ತಾಗದಂತೆ ಲಂಗ ಎತ್ತಿ ಹಿಡಿದಿದ್ದಾಳೆ. ಇನ್ನೊಂದು ತೋಳಿನಲ್ಲಿ ದೊಡ್ಡ ಬುಟ್ಟಿ. ಛತ್ರಿ ಇಲ್ಲ. ಕೈಗವಸು ಇಲ್ಲ. ತಲೆಯ ಮೇಲೆ ಹ್ಯಾಟೂ ಇಲ್ಲ. ಹಿಂದಿನಿಂದ ಒಬ್ಬ ಗಂಡಸು ಛತ್ರಿ ಹಿಡಿದು, ಇನ್ನೇನು ಮಾತಾಡಿಸಬೇಕು ಅನ್ನುವ ಹಾಗೆ ಬಗ್ಗಿದ್ದಾನೆ.

ಈ ಚಿತ್ರಕ್ಕೆ ಎಕ್ಸ್‌-ರೇ ಹಿಡಿದಾಗ ಅದರೊಳಗೆ ಇನ್ನೊಂದು ಚಿತ್ರ ಕಂಡಿತು. ರೆನ್ವಾರ್ ಇದನ್ನು 1881ರ ಸುಮಾರಿಗೆ ಶುರುಮಾಡಿ, ಅರ್ಧಕ್ಕೆ ಬಿಟ್ಟು, 1885-86ರ ಹೊತ್ತಿಗೆ ಮುಗಿಸಿದ. ಮೊದಲು ಬರೆದಾಗ ಈ ಹುಡುಗಿಯ ತಲೆಯ ಮೇಲೆ ಹ್ಯಾಟಿತ್ತು. ಕತ್ತಿಗೆ, ಮುಂಗೈಗೆ ಬಿಳಿ ಲೇಸಿತ್ತು. ಲಂಗದ ತುಂಬ ಸಾಲು ಸಾಲು ಝಾಲರಿ ಇತ್ತು. ಅಂದರೆ ಅವಳೂ ಬಲಗಡೆಯ ಅಮ್ಮನ ಸಾಲಿನವಳೇ ಆಗಿದ್ದಳು. ನಾಲ್ಕು ವರ್ಷ ಬಿಟ್ಟು ರೆನ್ವಾರ್ ಆ ಹ್ಯಾಟನ್ನು ಅಳಿಸಿದ, ಲೇಸು ತೆಗೆದ, ಝಾಲರಿಯ ಮೇಲೆ ಸಾದಾ ಬಟ್ಟೆ ಬಳಿದ. ಶ್ರೀಮಂತರ ಮನೆ ಹೆಣ್ಣು ಹೋಗಿ ದುಡಿಯುವ ಹುಡುಗಿ ಬಂದಳು.

ಇಷ್ಟು ಸುಲಭವಾ? ಒಂದು ಹ್ಯಾಟು ತೆಗೆದರೆ ಊರಿಗೆಲ್ಲ ಅವಳು ಯಾರು ಅಂತ ಗೊತ್ತಾಗಿಬಿಡುತ್ತಿತ್ತಾ? ಹೌದು, ಆಗಿನ ಪ್ಯಾರಿಸ್ಸಿನಲ್ಲಿ ಗೊತ್ತಾಗುತ್ತಿತ್ತು. ಅನುಕೂಲಸ್ಥರ ಮನೆಯ ಹೆಂಗಸು ಹ್ಯಾಟು, ಕೈಗವಸು ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ದುಡಿಯುವವಳಿಗೆ ಬಟ್ಟೆಯ ಕುಲಾವಿ, ಇಲ್ಲವಾದರೆ ಬರೀ ಕೂದಲು. ಇದಕ್ಕೆ ಫ್ರೆಂಚಿನಲ್ಲಿ ಒಂದು ಮಾತೇ ಇತ್ತು: 'ಆಂ ಶವೂ', 'ಕೂದಲಲ್ಲೇ' ಹೊರಟವಳು. 19ನೇ ಶತಮಾನದ ಫ್ರೆಂಚ್ ಚಿತ್ರಗಳಲ್ಲಿ ಚೆಂದವಾಗಿ ಉಟ್ಟ ಯುವತಿಯನ್ನು ಕಂಡಾಗ ನಾನು ಈಗ ಮೊದಲು ಮುಖ ನೋಡುವುದಿಲ್ಲ. ತಲೆ ನೋಡುತ್ತೇನೆ, ಆಮೇಲೆ ಕೈ ನೋಡುತ್ತೇನೆ. ಅವಳ ಕಥೆ ಜಾಸ್ತಿ ಇರುವುದು ಅಲ್ಲೇ.

ಈ ಹುಡುಗಿಗೆ ಒಂದು ಹೆಸರಿತ್ತು: ಗ್ರಿಸೆಟ್. 'ಗ್ರಿ' ಅಂದರೆ ಬೂದು ಬಣ್ಣ. 17ನೇ ಶತಮಾನದಲ್ಲಿ ಬಡವರ ಮನೆ ಹೆಂಗಸರು ಉಡುತ್ತಿದ್ದ ಅಗ್ಗದ ಬೂದು ಬಟ್ಟೆಗೆ ಆ ಹೆಸರು ಬಂತು. ಆಮೇಲೆ ಬಟ್ಟೆಯ ಹೆಸರು ಉಟ್ಟವಳಿಗೇ ಅಂಟಿಕೊಂಡಿತು. 1830ರ ಹೊತ್ತಿಗೆ ಗ್ರಿಸೆಟ್ ಅಂದರೆ ಪ್ಯಾರಿಸ್ಸಿನಲ್ಲಿ ಹೊಲಿಗೆ, ಹ್ಯಾಟು, ಕಾಗದದ ಹೂವು, ಕಸೂತಿ ಇಂಥ ಕೆಲಸ ಮಾಡಿ ತಾನೇ ದುಡಿದು ತಿನ್ನುವ ಹುಡುಗಿ ಅಂತ ಅರ್ಥ. ಅವಳು ಫ್ಯಾಷನ್ನಿನ ಕೆಲಸದವಳು. ಹಾಗಾಗಿ ಹೊಸ ತೋಳು ಹೇಗೆ ಬಂದಿದೆ, ಈ ವರ್ಷ ನಡು ಎಲ್ಲಿ ಬಿಗಿಯುತ್ತಾರೆ ಅನ್ನುವುದು ಗಿರಾಕಿಗಿಂತ ಮೊದಲೇ ಅವಳಿಗೆ ಗೊತ್ತು. ಅಗ್ಗದ ಬಟ್ಟೆ ತಂದು ಅದನ್ನೇ ತನಗೂ ಹೊಲಿದುಕೊಳ್ಳುತ್ತಿದ್ದಳು.

ಅವಳನ್ನು ಪ್ಯಾರಿಸ್ಸಿನ ಮನೆಮಾತು ಮಾಡಿದ್ದು ಕಲ್ಲಚ್ಚು. ಲಿಥೋಗ್ರಾಫ್ ಬಂದಮೇಲೆ ಚಿತ್ರಗಳನ್ನು ಅಗ್ಗವಾಗಿ, ಬೇಗ ಅಚ್ಚು ಹಾಕಬಹುದಾಗಿತ್ತು. ಪತ್ರಿಕೆಗಳು, ಪುಟ್ಟ ಪುಸ್ತಕಗಳು ಊರಿನ ಮಂದಿಯನ್ನು ಬಗೆಬಗೆಯಾಗಿ ವಿಂಗಡಿಸಿ ಚಿತ್ರಿಸತೊಡಗಿದವು. 1841ರಲ್ಲಿ ಗ್ರಿಸೆಟ್ ಮೇಲೆಯೇ ಒಂದು ಪುಟ್ಟ ಪುಸ್ತಕ ಬಂತು, ಅದಕ್ಕೆ ಚಿತ್ರ ಬರೆದವನು ಗಾವಾರ್ನಿ. ಇಂಥ ಚಿತ್ರಗಳಲ್ಲಿ ಅವಳು ಇರುವುದು ಅಟ್ಟದ ಕೋಣೆಯಲ್ಲಿ. ಕಿಟಕಿಯಲ್ಲಿ ಒಂದು ಹೂಕುಂಡ. ಪ್ರಿಯಕರ ಯಾರೋ ಬಡ ವಿದ್ಯಾರ್ಥಿ. ಭಾನುವಾರ ಊರಾಚೆ ಕುಣಿತ. ಓದು ಮುಗಿಸಿ ಅವನು ತನ್ನೂರಿಗೆ ಹೋಗಿ ವರದಕ್ಷಿಣೆ ತರುವ ಹುಡುಗಿಯನ್ನು ಮದುವೆಯಾಗುತ್ತಾನೆ, ಇವಳು ನಗುನಗುತ್ತ ಬಿಟ್ಟುಕೊಡುತ್ತಾಳೆ. ಆ ನಗು ನನಗೆ ಕೊನೆಗೂ ನಂಬಿಕೆಯಾಗಿಲ್ಲ. ಬಿಟ್ಟುಹೋದವನ ಮನಸ್ಸಿಗೆ ಸಮಾಧಾನವಾಗಲಿ ಅಂತ ಬರೆದ ನಗು ಅದು. ಬರೆದವರೂ ಕೊಂಡವರೂ ಹೆಚ್ಚಿನವರು ಒಂದು ಕಾಲದಲ್ಲಿ ಅಂಥ ವಿದ್ಯಾರ್ಥಿಗಳೇ ಆಗಿದ್ದರು.

ಕಥೆಗಾರರೂ ಹಿಂದೆ ಬೀಳಲಿಲ್ಲ. 1845ರಲ್ಲಿ ಆಲ್ಫ್ರೆದ್ ದ ಮ್ಯುಸ್ಸೆ ಬರೆದ 'ಮಿಮಿ ಪಾಂಸೋನ್' ಕಥೆಯ ಹುಡುಗಿಗೆ ಇದ್ದದ್ದು ಒಂದೇ ಒಂದು ಉಡುಪು. ಕಾಯಿಲೆ ಬಿದ್ದ ಗೆಳತಿಗಾಗಿ ಅದನ್ನೂ ಅಡವಿಟ್ಟು, ಕಿಟಕಿಯ ಪರದೆ ಹೊದ್ದು ಚರ್ಚಿಗೆ ಹೋಗುತ್ತಾಳೆ. ಓದುವಾಗ ಮನಸ್ಸು ಕರಗುತ್ತದೆ. ಆದರೆ ಊರಿಗೆಲ್ಲ ಬಟ್ಟೆ ಹೊಲಿದುಕೊಡುವವಳ ಹತ್ತಿರ ಒಂದೇ ಉಡುಪು ಯಾಕಿತ್ತು?

ಉತ್ತರ ಕೂಲಿಯಲ್ಲಿದೆ. 1847-48ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ಊರಿನ ಕೈಗಾರಿಕೆಗಳ ಲೆಕ್ಕ ತೆಗೆಯಿತು. ಗಂಡಸಿನ ದಿನಗೂಲಿ ಸರಾಸರಿ ಸುಮಾರು 3 ಫ್ರಾಂಕ್ 80 ಸೆಂಟೀಮ್. ಹೆಂಗಸಿನದ್ದು ಸುಮಾರು 1 ಫ್ರಾಂಕ್ 63. ಅರ್ಧವೂ ಇಲ್ಲ. ಅದೂ ಕೆಲಸವಿದ್ದ ದಿನಗಳಿಗೆ ಮಾತ್ರ. ಫ್ಯಾಷನ್ ಕೆಲಸಕ್ಕೆ ಸುಗ್ಗಿಯೂ ಇತ್ತು, ಬರವೂ ಇತ್ತು. ಉಳ್ಳವರು ಪ್ಯಾರಿಸ್ಸಿನಲ್ಲಿ ಇದ್ದಷ್ಟು ದಿನ ರಾತ್ರಿಯೆಲ್ಲ ಹೊಲಿಗೆ. ಬೇಸಿಗೆಯಲ್ಲಿ ಅವರು ಹಳ್ಳಿಗೋ ಸಮುದ್ರತೀರಕ್ಕೋ ಹೋದರೆ ವಾರಗಟ್ಟಲೆ ಕೆಲಸವೇ ಇಲ್ಲ. ಇದಕ್ಕೆ 'ಸತ್ತ ಕಾಲ' ಅಂತಲೇ ಹೆಸರು. ಕೆಲಸದವಳು ಚೆನ್ನಾಗಿ ಕಾಣಬೇಕು ಅನ್ನುವುದು ಮಾತ್ರ ಸತ್ತ ಕಾಲದಲ್ಲೂ ತಪ್ಪಲಿಲ್ಲ. ಹರಕು ಬಟ್ಟೆ ಉಟ್ಟು ಬಂದವಳನ್ನು ಯಾವ ಹ್ಯಾಟಿನಂಗಡಿ ಸೇರಿಸಿಕೊಳ್ಳುತ್ತದೆ? ಅವಳ ಒಪ್ಪ ಓರಣವೂ ಕೆಲಸದ್ದೇ ಒಂದು ಭಾಗ. ಅದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಅಷ್ಟೆ.

ಜೂಲಿ-ವಿಕ್ತ್ವಾರ್ ದೋಬಿಯೆ ಅನ್ನುವ ಹೆಣ್ಣುಮಗಳು 1861ರಲ್ಲಿ ಬಾಕ್ಕಾಲೊರಿಯಾ, ಅಂದರೆ ವಿಶ್ವವಿದ್ಯಾಲಯಕ್ಕೆ ದಾರಿ ಮಾಡಿಕೊಡುವ ಪರೀಕ್ಷೆ, ಪಾಸು ಮಾಡಿದಳು, ಫ್ರಾನ್ಸಿನಲ್ಲಿ ಅದನ್ನು ಪಾಸು ಮಾಡಿದ ಮೊದಲ ಹೆಂಗಸು. ಬಡ ಹೆಂಗಸರ ಕೂಲಿ-ಕೆಲಸದ ಬಗ್ಗೆ ದೊಡ್ಡ ಅಧ್ಯಯನವನ್ನೇ ಬರೆದಳು. ಗ್ರಿಸೆಟ್ ಬಗ್ಗೆ ಮಾತಾಡಲು ಆಗ ಹೆಂಗಸರೂ ಇದ್ದರು. ಆದರೆ ಅಂಗಡಿ ಕಿಟಕಿಯಲ್ಲಿ ನೇತಾಡುತ್ತಿದ್ದದ್ದು ಗಾವಾರ್ನಿಯ ಚಿತ್ರಗಳು.

1841ರಲ್ಲಿ ಇನ್ನೊಂದು ಹೆಸರೂ ಹುಟ್ಟಿತು: ಲೊರೆಟ್. ನೋತ್ರ್ ದಾಮ್ ದ ಲೊರೆಟ್ ಚರ್ಚಿನ ಸುತ್ತ ಹೊಸದಾಗಿ ಎದ್ದ ಮನೆಗಳಲ್ಲಿ ವಾಸವಿದ್ದ, ಶ್ರೀಮಂತರ ಆಸರೆಯಲ್ಲಿ ಬದುಕುವ ಹೆಂಗಸರಿಗೆ ಕೊಟ್ಟ ಹೆಸರು. ಗಾವಾರ್ನಿ ಇವರನ್ನೂ ಸಾಲಾಗಿ ಚಿತ್ರಿಸಿದ. ಇಂದಿನ ಗ್ರಿಸೆಟ್ ನಾಳಿನ ಲೊರೆಟ್ ಅನ್ನುವ ಮಾತು ಸುಲಭವಾಗಿ ಹರಡಿತು. ಚೆಂದ ಉಟ್ಟು ಒಬ್ಬಳೇ ಬೀದಿಯಲ್ಲಿ ಹೋಗುವ ಹುಡುಗಿಯನ್ನು ಕಂಡರೆ ಗಂಡಸರು ಅನುಮಾನದಿಂದ ನೋಡುವುದು ರೂಢಿಯಾಯಿತು. ರೆನ್ವಾರ್ ಚಿತ್ರದಲ್ಲಿ ಛತ್ರಿ ಹಿಡಿದು ಬಗ್ಗಿದವನು ಬಲಗಡೆಯ ಅಮ್ಮನ ಹತ್ತಿರ ಹೋಗಿಲ್ಲ, ಗಮನಿಸಿ.

1870ರ ನಂತರ ಊರೇ ಬದಲಾಗಿತ್ತು. ಅಗಲವಾದ ರಸ್ತೆಗಳು, ದೊಡ್ಡ ದೊಡ್ಡ ಬಟ್ಟೆ ಅಂಗಡಿಗಳು, ಗಾಜಿನ ಕಿಟಕಿಗಳು. ಅಟ್ಟದ ಕೋಣೆಯ ಹುಡುಗಿ ಈಗ ಅಂಗಡಿಯ ಬೆಳಕಿಗೆ ಬಂದಳು. ಆಗ ಪ್ಯಾರಿಸ್ಸಿನಲ್ಲಿ ಹ್ಯಾಟು ಮಾಡುವವರೇ ಸಾವಿರದಷ್ಟಿದ್ದರು. ಇವರನ್ನು ಮೊಡಿಸ್ಟ್ ಅನ್ನುತ್ತಿದ್ದರು. ಹೊಲಿಗೆಯವರ ಪೈಕಿ ಇವರದ್ದು ಮೇಲಿನ ಸ್ಥಾನ. ಒಂದು ಹ್ಯಾಟಿಗೆ ರಿಬ್ಬನ್ ಎಷ್ಟು ಓರೆ ಇರಬೇಕು, ಗರಿ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಅಳತೆಪಟ್ಟಿ ಇಲ್ಲ. ಕಣ್ಣು ಮತ್ತು ಬೆರಳು, ಅಷ್ಟೇ.

ಇದನ್ನು ಸರಿಯಾಗಿ ನೋಡಿದವನು ಎದ್ಗಾರ್ ದೆಗಾ. ಹ್ಯಾಟಿನಂಗಡಿಯ ಮೇಲೆ ಅವನು ಸುಮಾರು 27 ಚಿತ್ರ ಬರೆದ. ಅದರಲ್ಲಿ ದೊಡ್ಡದು ಶಿಕಾಗೊದಲ್ಲಿರುವ 'ಹ್ಯಾಟಿನಂಗಡಿ', 1879ರಿಂದ 1886ರ ನಡುವೆ ಬರೆದದ್ದು. ಮೇಜಿನ ಮೇಲೆ ಕಡ್ಡಿಗಳಿಗೆ ಸಿಕ್ಕಿಸಿಟ್ಟ ಹ್ಯಾಟುಗಳು, ಹೂವಿನ ಗಿಡಗಳ ಹಾಗೆ ಅರಳಿ ನಿಂತಿವೆ. ಚಿತ್ರದ ನಡುವಿನ ಜಾಗವೆಲ್ಲ ಅವುಗಳದ್ದೇ. ಹುಡುಗಿ ಬಲಕ್ಕೆ ಸರಿದು ಕೂತಿದ್ದಾಳೆ. ಕೈಯಲ್ಲಿ ಅರ್ಧ ಮುಗಿದ ಹ್ಯಾಟು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದಾಳೆ. ತುಟಿ ಬಿಗಿದಿದ್ದಾಳೆ, ಗುಂಡುಸೂಜಿ ಕಚ್ಚಿಕೊಂಡವರ ಹಾಗೆ. ಕೈಗೆ ಗವಸಿದೆ. ನುಣುಪು ಬಟ್ಟೆಗೆ ಬೆರಳಿನ ಬೆವರು ತಾಗಬಾರದು ಅಂತ ಹಾಕಿದ ಗವಸು ಇರಬೇಕು ಅದು.

ಹೊಲಿಗೆ ಮಾಡುವವರನ್ನು ಹತ್ತಿರದಿಂದ ನೋಡಿದವರಿಗೆ ಈ ಗಳಿಗೆ ಚೆನ್ನಾಗಿ ಗೊತ್ತು. ಸೂಜಿ ಬಾಯಲ್ಲಿದ್ದಾಗ ಅವರು ಮಾತಾಡಿಸಿದರೂ ಉತ್ತರ ಕೊಡುವುದಿಲ್ಲ. ಇಲ್ಲಿ ಅವಳು ಯಾರಿಗೂ ನಗುತ್ತಿಲ್ಲ. ನಮ್ಮ ಕಡೆ ತಿರುಗಿಯೂ ನೋಡಿಲ್ಲ. ಸುಮ್ನೆ ಕೆಲಸ ಮಾಡುತ್ತಿದ್ದಾಳೆ. ಗಾವಾರ್ನಿಯ ಕಾಲದಿಂದ ಬಂದ ನೂರಾರು ಚಿತ್ರಗಳನ್ನು ನೋಡಿ ಇಲ್ಲಿಗೆ ಬಂದರೆ, ಈ ಬಿಗಿದ ತುಟಿ ಎಷ್ಟು ದೊಡ್ಡ ಬದಲಾವಣೆ ಅಂತ ಅರ್ಥವಾಗುತ್ತದೆ.

ವಿಚಿತ್ರ ಅಂದರೆ ಈ ಚಿತ್ರಕ್ಕೂ ಎಕ್ಸ್‌-ರೇ ಕಥೆಯಿದೆ. ದೆಗಾ ಮೊದಲು ಕೂರಿಸಿದ್ದು ಹ್ಯಾಟು ಕೊಳ್ಳಲು ಬಂದ ಗಿರಾಕಿಯನ್ನು. ಆಮೇಲೆ ಕೈ, ಹ್ಯಾಟು ಇದ್ದ ಜಾಗವನ್ನು ಕೆರೆದು ಮತ್ತೆ ಬರೆದ. ಕೊಳ್ಳುವವಳು ಮಾಡುವವಳಾದಳು. ಒಂದೇ ದಶಕ, ಇಬ್ಬರು ಚಿತ್ರಕಾರರು, ಇಬ್ಬರೂ ಬರೆದದ್ದನ್ನು ತಿದ್ದಿ ಒಡತಿಯ ಜಾಗದಲ್ಲಿ ಕೆಲಸದವಳನ್ನು ತಂದು ಕೂರಿಸಿದ್ದಾರೆ. ರೆನ್ವಾರನ ಅಪ್ಪ ದರ್ಜಿ, ಅಮ್ಮ ಹೊಲಿಗೆಯವಳು. ಮುಂದೆ ಅವನ ಹೆಂಡತಿಯಾದ ಆಲೀನ್ ಶಾರಿಗೋ ಕೂಡ ಹೊಲಿಗೆ ಕೆಲಸದವಳೇ. ಬಣ್ಣ ಬಳಿಯುವ ಮೊದಲೇ ಅವನಿಗೆ ಸೂಜಿಯ ಪರಿಚಯವಿತ್ತು.

ಆ ಕಾಲದ ಇನ್ನೊಂದು ಚಿತ್ರದ ಬಗ್ಗೆ ಹೇಳಲೇಬೇಕು. ಅದು ಯಾವ ಪ್ರದರ್ಶನದಲ್ಲೂ ತೂಗುಹಾಕುವಂಥದ್ದಲ್ಲ. 1859ರಲ್ಲಿ ಮಾಕ್ಸಿಮ್ ವೆರ್ನ್ವಾ ಅನ್ನುವ ಪ್ಯಾರಿಸ್ಸಿನ ವೈದ್ಯ, ಹ್ಯಾಟಿಗೆ ಇಡುವ ಬಟ್ಟೆಯ ಹೂವು-ಎಲೆ ಮಾಡುವವರ ಬಗ್ಗೆ ಒಂದು ವರದಿ ಬರೆದ. ಎಲೆಗೆ ಹಚ್ಚುವ ಹೊಳೆಯುವ ಹಸಿರು ಬಣ್ಣದಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇರುತ್ತಿತ್ತು. ಅದು ಉಗುರಿನ ಸಂದಿಗೆ ಹೋಗಿ ಚರ್ಮ ಹುಣ್ಣಾಗುತ್ತಿತ್ತು. ವರದಿಯ ಜೊತೆ ಬಣ್ಣದಲ್ಲೇ ಅಚ್ಚು ಹಾಕಿದ ಚಿತ್ರವಿದೆ. ಅದರಲ್ಲಿ ಮುಖ ಇಲ್ಲ, ಉಡುಪು ಇಲ್ಲ. ಕೈ ಮಾತ್ರ. ಹಸಿರು ಮೆತ್ತಿದ ಉಗುರು, ಒಡೆದ ಹುಣ್ಣು. ದೆಗಾ ಚಿತ್ರದ ಗವಸನ್ನು ನೋಡುವಾಗೆಲ್ಲ ನನಗೆ ಈ ಕೈ ನೆನಪಿಗೆ ಬರುತ್ತದೆ. ಅರಳಿ ನಿಂತ ಆ ಹ್ಯಾಟುಗಳ ಹೂವನ್ನು ಬೇರೆ ಯಾರದೋ ಕೈ ಮಾಡಿರುತ್ತದೆ, ಎಲ್ಲೋ ಒಂದು ಕತ್ತಲೆ ಕೋಣೆಯಲ್ಲಿ. ಮೊಡಿಸ್ಟ್ ಕಣ್ಣಿಗೆ ಬೀಳುವವಳು. ಹೂವಿನವಳು ಬೀಳುತ್ತಿರಲಿಲ್ಲ.

ಇನ್ನು ಅಂಗಡಿ ಹುಡುಗಿಯ ವಿಷಯ. ಜೇಮ್ಸ್ ಟಿಸ್ಸೋ 1883-85ರಲ್ಲಿ 'ಪ್ಯಾರಿಸ್ಸಿನ ಹೆಣ್ಣು' ಅಂತ 15 ಚಿತ್ರಗಳ ಸರಣಿ ಬರೆದ. ಅದರಲ್ಲೊಂದು ಟೊರಾಂಟೋದಲ್ಲಿರುವ 'ಅಂಗಡಿ ಹುಡುಗಿ'. ಕಪ್ಪು ಉಡುಪಿನ ಹುಡುಗಿ ಒಂದು ಕೈಯಲ್ಲಿ ಪೊಟ್ಟಣ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ತೆರೆದು ನಿಂತಿದ್ದಾಳೆ. ವ್ಯಾಪಾರ ಮುಗಿಸಿ ಹೊರಡುತ್ತಿರುವ ಗಿರಾಕಿ ನಾವೇ. ಮೇಜಿನ ಮೇಲೆ ರಿಬ್ಬನ್ನುಗಳ ರಾಶಿ. ಒಂದು ಗುಲಾಬಿ ರಿಬ್ಬನ್ ನೆಲಕ್ಕೆ ಜಾರಿ ಹೃದಯದ ಆಕಾರದಲ್ಲಿ ಬಿದ್ದಿದೆ. ಹಿಂದೆ ಇನ್ನೊಬ್ಬ ಹುಡುಗಿ ಕೈ ಎತ್ತಿ ಮೇಲಿನ ಹಲಗೆಯಿಂದ ಏನೋ ತೆಗೆಯುತ್ತಿದ್ದಾಳೆ. ಕಿಟಕಿಯ ಆಚೆ ಬೀದಿಯಲ್ಲಿ ಒಬ್ಬ ಗಂಡಸು ಅವಳನ್ನೇ ದಿಟ್ಟಿಸುತ್ತಿದ್ದಾನೆ. ಮಾರಾಟಕ್ಕಿರುವುದು ರಿಬ್ಬನ್. ಅವನು ನೋಡುತ್ತಿರುವುದು ರಿಬ್ಬನ್ನಲ್ಲ.

ಟಿಸ್ಸೋ ಇದನ್ನು ಹೊರಗಿನವನಾಗಿ ಬರೆಯಲಿಲ್ಲ. ಅವನ ಅಪ್ಪ ನಾಂತ್ ಊರಿನ ಬಟ್ಟೆ ವ್ಯಾಪಾರಿ, ಅಮ್ಮ ಹ್ಯಾಟು ಮಾಡುತ್ತಿದ್ದಳು. ಬಟ್ಟೆಯ ಮಡಿಕೆ, ರಿಬ್ಬನ್ನಿನ ಹೊಳಪು ಅವನಿಗೆ ಮನೆಯ ವಿದ್ಯೆ. ಆದರೂ ಚಿತ್ರದಲ್ಲಿ ಕಾಣದ್ದು ಒಂದಿದೆ: ಕಾಲುನೋವು. ಅಂಗಡಿ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕಿತ್ತು. ಹೆಂಗಸರು ಕೆಲಸ ಮಾಡುವ ಅಂಗಡಿಯಲ್ಲಿ ಪ್ರತಿಯೊಬ್ಬಳಿಗೂ ಕೂರಲು ಒಂದು ಆಸನ ಇಡಲೇಬೇಕು ಅಂತ ಫ್ರಾನ್ಸಿನಲ್ಲಿ ಕಾನೂನು ಬಂದದ್ದು 1900ರ ಡಿಸೆಂಬರ್ 29ಕ್ಕೆ. ಕುರ್ಚಿಗೂ ಒಂದು ಕಾನೂನು ಬೇಕಾಯಿತು!

ಚಿತ್ರಕಾರ ಎದ್ವಾರ್ ಮಾನೆಯ 'ಫೋಲಿ ಬೆರ್ಜೇರ್ ಬಾರ್' ಎಲ್ಲರಿಗೂ ಗೊತ್ತಿರುವ ಚಿತ್ರ, 1882ರದ್ದು. ಅಲ್ಲಿ ನಿಂತ ಸ್ಯೂಜೋನ್ ನಿಜವಾಗಿಯೂ ಆ ಬಾರಿನಲ್ಲೇ ಕೆಲಸ ಮಾಡುತ್ತಿದ್ದವಳು. ಮಾನೆ ತನ್ನ ಸ್ಟುಡಿಯೋದಲ್ಲಿ ಬಾಟಲಿ ಜೋಡಿಸಿ ಅವಳನ್ನು ನಿಲ್ಲಿಸಿ ಬರೆದ. ಅವಳ ಹಿಂದಿರುವ ಕನ್ನಡಿಯ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳುವುದಿಷ್ಟೇ: ಅಮೃತಶಿಲೆಯ ಅಂಚಿನ ಮೇಲೆ ಊರಿದ ಆ ಎರಡು ಕೈ ನೋಡಿ. ಮೈಯ ಭಾರವೆಲ್ಲ ಅಲ್ಲಿದೆ.

ಚಿತ್ರಕ್ಕೆ ನಿಂತವರಲ್ಲಿ ಕೆಲವರು ತಾವೇ ಕುಂಚ ಹಿಡಿದರು. ಸ್ಯೂಜಾನ್ ವಲಾದೋನ್ ಹುಟ್ಟಿದ್ದು 1865ರಲ್ಲಿ, ಬಟ್ಟೆ ಒಗೆಯುವ ಕೆಲಸದವಳ ಮಗಳಾಗಿ. ಬೆಳೆದದ್ದು ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದಲ್ಲಿ. ಚಿಕ್ಕವಳಿದ್ದಾಗಲೇ ಹೊಲಿಗೆ, ಹ್ಯಾಟು ಅಂತ ಹತ್ತು ಕೆಲಸ ಮಾಡಿ, ಸರ್ಕಸ್ ಸೇರಿ, ಬಿದ್ದು ಪೆಟ್ಟಾಗಿ, ಚಿತ್ರಕಾರರಿಗೆ ಮಾಡೆಲ್ ಆದಳು. ರೆನ್ವಾರನ 1883ರ 'ಬೂಜಿವಾಲ್ ಕುಣಿತ'ದಲ್ಲಿ ಕೆಂಪು ಕುಲಾವಿ ಕಟ್ಟಿ ಕುಣಿಯುವವಳು ಇವಳೇ. 'ಛತ್ರಿಗಳು' ಚಿತ್ರದ ಹುಡುಗಿಗೂ ಇವಳೇ ಮಾಡೆಲ್ ಅಂತ ಹೇಳುವವರಿದ್ದಾರೆ. ಆ ಕುಣಿತದ ಚಿತ್ರದಲ್ಲಿ ಕೆನ್ನೆ ದುಂಡಗೆ, ಕಣ್ಣು ಕೆಳಗೆ, ಎಲ್ಲ ಮೆತ್ತಗೆ, ಸಿಹಿ.

ಅದೇ 1883ರಲ್ಲಿ ಅವಳು ತನ್ನನ್ನು ತಾನೇ ಚಿತ್ರಿಸಿಕೊಂಡಳು, ಪೇಸ್ಟಲ್ ಬಣ್ಣದಲ್ಲಿ. ಆಗ ಅವಳಿಗೆ 18. ನಡುಬೈತಲೆ, ಬಿಗಿದ ಬಾಯಿ, ಗಡುಸಾದ ಗಲ್ಲ. ಕಣ್ಣು ನೆಟ್ಟಗೆ ಎದುರಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರು ಬೇರೆ ಬೇರೆ ಹೆಂಗಸರು ಅನಿಸುತ್ತದೆ. ದೆಗಾ ಅವಳ ಗೆರೆ ಕಂಡು ಬೆನ್ನು ತಟ್ಟಿದ, ಅವಳ ಚಿತ್ರ ಕೊಂಡ. 1894ರಲ್ಲಿ ಅವಳ ಚಿತ್ರಗಳು ಪ್ಯಾರಿಸ್ಸಿನ ರಾಷ್ಟ್ರೀಯ ಕಲಾ ಸಂಘದ ಪ್ರದರ್ಶನದಲ್ಲಿದ್ದವು.

ಶತಮಾನ ಮುಗಿಯುವ ಹೊತ್ತಿಗೆ ಗ್ರಿಸೆಟ್ ಅನ್ನುವ ಹೆಸರು ಹಳೆಯದಾಗಿತ್ತು. ಹೊಸ ಹೆಸರು ಮಿಡಿನೆಟ್. 'ಮಿದಿ' ಅಂದರೆ ಮಧ್ಯಾಹ್ನ, 'ದಿನೆಟ್' ಅಂದರೆ ಚೂರುಪಾರು ಊಟ. ಮಧ್ಯಾಹ್ನ ಹೊಲಿಗೆ ಮನೆಗಳಿಂದ ಹೊರಗೆ ಬಂದು, ಬೆಂಚಿನ ಮೇಲೆ ಕೂತು, ಒಂದಿಷ್ಟು ಏನಾದರೂ ತಿಂದು ಮತ್ತೆ ಒಳಗೆ ಓಡುವ ಹುಡುಗಿಯರು. ರ್ಯೂ ದ ಲಾ ಪೇ ಬೀದಿಯ ಪಾಕ್ಯಾಂ ಫ್ಯಾಷನ್ ಮನೆಯಿಂದ ಅವರು ಹೊಳೆಯಂತೆ ಹೊರಬರುವುದನ್ನು ಜಾನ್ ಬೆರೋ ಚಿತ್ರಿಸಿದ್ದಾನೆ. 1892ರಲ್ಲಿ ಹೆಂಗಸರ ಕೆಲಸ ದಿನಕ್ಕೆ 11 ಗಂಟೆ ಮೀರಬಾರದು, ರಾತ್ರಿ ದುಡಿಸಬಾರದು ಅಂತ ಕಾನೂನು ಬಂದಿತ್ತು. ಆದರೆ ಸುಗ್ಗಿಯ ಕಾಲದಲ್ಲಿ ಫ್ಯಾಷನ್ ಮನೆಗಳಿಗೆ ವಿನಾಯಿತಿಯೂ ಇತ್ತು. ಯಾರಿಗಾಗಿ ಕಾನೂನು ಬೇಕಿತ್ತೋ ಅವರಿಗೇ ಅದು ಪೂರ್ತಿ ಸಿಗಲಿಲ್ಲ. ಅತ್ತ 1911ರಲ್ಲಿ ಊರು ಗ್ರಿಸೆಟ್‌ಗೆ ಒಂದು ಕಲ್ಲಿನ ಪ್ರತಿಮೆ ನಿಲ್ಲಿಸಿತು, '1830ರ ಗ್ರಿಸೆಟ್' ಅಂತ. ಸೇಂಟ್ ಮಾರ್ಟಿನ್ ಕಾಲುವೆಯ ಹತ್ತಿರದ ಪಾರ್ಕಿನಲ್ಲಿ ಅದು ಈಗಲೂ ಇದೆ.

ಆರು ವರ್ಷದ ಮೇಲೆ, 1917ರ ಮೇ ತಿಂಗಳಲ್ಲಿ, ಮಹಾಯುದ್ಧದ ನಡುವೆ, ಪ್ಯಾರಿಸ್ಸಿನ ಷಾಂಜೆಲಿಜೆ ಬೀದಿಯ ಒಂದು ಫ್ಯಾಷನ್ ಮನೆ ತನ್ನ ಹುಡುಗಿಯರಿಗೆ ಶನಿವಾರ ಮಧ್ಯಾಹ್ನ ರಜೆ, ಕೂಲಿ ಇಲ್ಲ ಅಂತ ಹೇಳಿತು. ಅವರು ಸೂಜಿ ಇಟ್ಟು ಬೀದಿಗಿಳಿದರು. ಪಕ್ಕದ ಹೊಲಿಗೆ ಮನೆಗಳವರೂ ಸೇರಿದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ. ಕೇಳಿದ್ದು ಕೂಲಿ ಸಮೇತ ಶನಿವಾರದ ಅರ್ಧ ದಿನ, ಮತ್ತು ದಿನಕ್ಕೆ ಒಂದು ಫ್ರಾಂಕ್ ತುಟ್ಟಿಭತ್ಯೆ. ಜೂನ್ 11ರಂದು ಹೊಲಿಗೆ ಕೆಲಸದವರಿಗೆ ಶನಿವಾರದ ಅರ್ಧ ದಿನ ಕಾನೂನಾಯಿತು. ಆ ಮೆರವಣಿಗೆಯ ಫೋಟೋಗಳು ಇವೆ. ತೋಳಿಗೆ ತೋಳು ಸೇರಿಸಿ ರಸ್ತೆ ತುಂಬ ನಡೆದು ಬರುತ್ತಿದ್ದಾರೆ. ಅವರ ತಲೆಗಳ ಮೇಲೆ ಹ್ಯಾಟುಗಳಿವೆ.